ವಾಪಸ್ ಟಿಕೆಟ್ಟಿನ ತಾರೀಖು ಮೊದ್ಲೇ ಹೇಳ್ಬಿಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಜಪಾನ್ ಪ್ರವಾಸದ ಬಗ್ಗೆ ಎರಡು ಪುಟ ಹಾಕಿದ್ರಲ್ಲ, ಅದ್ರ ಬಗ್ಗೆ ಬರೀತಿದೀನಿ. ರೈಲು ಪಾಸು, ಹೋಟ್ಲು ಖರ್ಚು, ವೆಜ್ ಊಟ ಎಲ್ಲೆಲ್ಲಿ ಸಿಗುತ್ತೆ ಅನ್ನೋದೆಲ್ಲ ಚೆನ್ನಾಗೇ ಇತ್ತು, ನಮ್ಮಪ್ಪ ಅದನ್ನ ಕತ್ತರಿಸಿ ಇಟ್ಕೊಂಡಿದಾರೆ. ಆದ್ರೆ ಎರಡನೇ ಪುಟದ ಕೆಳಗೆ ಒಂದು ಬಾಕ್ಸಲ್ಲಿ ಜಪಾನಿ ಹುಡುಗೀರ ಜೊತೆ ಫ್ರೆಂಡ್‌ಶಿಪ್ ಬೆಳೆಸೋದು ಹೇಗೆ ಅಂತ ಟಿಪ್ಸ್ ಇತ್ತು, ಅದ್ರಲ್ಲಿ ಅವರು ನಾಚಿಕೆ ಸ್ವಭಾವದವರು, ಬೇಡ ಅಂತ ಬಾಯಿಬಿಟ್ಟು ಹೇಳಲ್ಲ, ಹಾಗಾಗಿ ನೀವೇ ಮುಂದುವರೀಬೇಕು ಅಂತ ಒಂದು ಸಾಲು. ಅದನ್ನ ಓದಿ ನನಗೆ ಬೆಳಗಿನ ಕಾಫಿ ಗಂಟಲಲ್ಲಿ ಇಳೀಲಿಲ್ಲ. ಬೇಡ ಅಂತ ಬಾಯಿಬಿಟ್ಟು ಹೇಳಲ್ಲ ಅನ್ನೋದು ಸುಮಾರಾಗಿ ನಿಜ. ಅದಕ್ಕೇ ನೀವು ಮುಂದುವರೀಬಾರ್ದು, ಅಲ್ಲೇ ನಿಲ್ಬೇಕು.

ನಾನು ಸಕಲೇಶಪುರದ ಕಡೆಯವಳು, ಬೆಂಗಳೂರಲ್ಲಿ ಕೆಲಸ, ವಯಸ್ಸು 33. 2024ರ ಆಗಸ್ಟಲ್ಲಿ ಒಬ್ಬಳೇ ಎರಡು ವಾರ ಜಪಾನಿಗೆ ಹೋಗಿದ್ದೆ, 2025ರ ನವೆಂಬರಲ್ಲಿ ಇನ್ನೊಂದು ಸಲ ಹೋಗಿ ಬಂದೆ. ಹೋಗೋಕೆ ಮುಂಚೆ ಜಪಾನೀಸ್ ಭಾಷೆಯ ವೀಕೆಂಡ್ ಕ್ಲಾಸಿಗೆ ಸೇರಿ ಎನ್5 ಅನ್ನೋ ಮೊದಲ ಹಂತದ ಪರೀಕ್ಷೆ ಪಾಸ್ ಮಾಡ್ಕೊಂಡಿದ್ದೆ, ಅಂದ್ರೆ ದಾರಿ ಕೇಳೋಷ್ಟು, ಊಟಕ್ಕೆ ಮೀನು ಬೇಡ ಅನ್ನೋಷ್ಟು, ನಮ್ಮೂರಿನ ಬಗ್ಗೆ ನಾಲ್ಕು ವಾಕ್ಯ ಹೇಳೋಷ್ಟು ಭಾಷೆ. ಅಷ್ಟರಲ್ಲೇ ನನಗೆ ಅಲ್ಲಿ ಒಬ್ಬ ಗೆಳತಿ ಸಿಕ್ಕಿದ್ದಾರೆ, ಇನ್ನೊಬ್ಬರ ಮನಸ್ಸನ್ನ ನಾನು ನೋಯಿಸಿಯೂ ಬಂದಿದೀನಿ. ಎರಡನ್ನೂ ಬರೀತೀನಿ, ಸ್ವಲ್ಪ ಉದ್ದ ಆದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೊದ್ಲು ಆ ಬೇಡ ಅನ್ನೋ ವಿಷ್ಯ. ಅಲ್ಲಿ ಚೊತ್ತೊ ಅಂತ ಒಂದು ಪದ ಇದೆ, ಅದರರ್ಥ ಸ್ವಲ್ಪ ಅಂತ. ಶನಿವಾರ ಸಿಗೋಣ್ವಾ ಅಂತ ಕೇಳಿದ್ರೆ "ಶನಿವಾರ ಚೊತ್ತೊ..." ಅಂತ ರಾಗ ಎಳೆದು, ತಲೆ ಒಂಚೂರು ವಾರೆ ಮಾಡಿ, ಹಲ್ಲಿನ ಸಂದಿಯಿಂದ ಗಾಳಿ ಎಳ್ಕೊಂಡು ಮಾತು ಅರ್ಧಕ್ಕೇ ನಿಲ್ಲಿಸ್ತಾರೆ. ಅಲ್ಲಿಗೆ ಮುಗೀತು, ಅದು ಪೂರ್ತಿ ಬೇಡ. ಭಾನುವಾರ ಆಗುತ್ತಾ, ಸೋಮವಾರ ಆಗುತ್ತಾ ಅಂತ ಬೆನ್ನು ಹತ್ತಬಾರ್ದು, ಯಾಕೆ ಅಂತ ಅಂತೂ ಕೇಳ್ಲೇಬಾರ್ದು. ಯೋಚನೆ ಮಾಡಿರ್ತೀನಿ ಅಂದ್ರೂ ಅದೇ, ಮುಂದೆ ಯಾವಾಗ್ಲಾದ್ರೂ ಅಂತ ತಾರೀಖಿಲ್ಲದೆ ಹೇಳಿದ್ರೂ ಹೆಚ್ಚುಕಮ್ಮಿ ಅದೇ. ಕ್ಯೋತೊ ಊರಲ್ಲಿ ಅತಿಥಿಗೆ ಬುಬುಝುಕೆ ತಿಂತೀರಾ ಅಂತ, ಅಂದ್ರೆ ಅನ್ನಕ್ಕೆ ಚಹಾ ಹಾಕಿದ್ದು ಒಂದು ಬಟ್ಲು ತಿಂತೀರಾ ಅಂತ ಕೇಳಿದ್ರೆ ಇನ್ನು ಹೊರಡಿ ಅಂತ ಅರ್ಥ ಅನ್ನೋ ಮಾತು ಜಪಾನಿನ ಎಲ್ಲರ ಬಾಯಲ್ಲೂ ಇದೆ. ಇದು ನಮಗೆ ಅರ್ಥ ಆಗದೇ ಇರೋವಂಥದ್ದೇನಲ್ಲ. ಹೆಣ್ಣು ನೋಡೋಕೆ ಬಂದೋರು ಉಪ್ಪಿಟ್ಟು ಕೇಸರಿಬಾತು ತಿಂದು, ಎದ್ದು ಚಪ್ಪಲಿ ಹಾಕ್ಕೊಳ್ತಾ "ಊರಿಗೆ ಹೋಗಿ ತಿಳಿಸ್ತೀವಿ" ಅಂದ್ರೆ ನಮ್ಮನೇಲಿ ಯಾರಿಗೆ ತಿಳಿಯಲ್ಲ ಹೇಳಿ? ಅವರು ಬಸ್ ಹತ್ತೋಕೆ ಮುಂಚೆ ಅಮ್ಮ ತಟ್ಟೆ ತೊಳೀತಾ ಇದಾಗಲ್ಲ ಬಿಡು ಅಂತಿದ್ರು. ಅಷ್ಟು ಸೂಕ್ಷ್ಮ ಇರೋ ಜನ ನಾವು, ವಿಮಾನ ಹತ್ತಿದ ತಕ್ಷಣ ಅದನ್ನ ಯಾಕೆ ಮರೀಬೇಕು.

ಒಂದು ಸಂಜೆ ಒಸಾಕಾದಲ್ಲಿ, ಎರಡನೇ ಸಲ ಹೋದಾಗ, ದೋತೊನ್‌ಬೊರಿ ಕಾಲುವೆ ಮೇಲಿನ ಎಬಿಸು ಸೇತುವೆ ಹತ್ರ ನಿಂತಿದ್ದೆ, ಆ ಓಡೋ ಮನುಷ್ಯನ ದೊಡ್ಡ ದೀಪದ ಬೋರ್ಡು ಇರೋ ಜಾಗ. ಆ ಸೇತುವೆಗೆ ಊರವರೇ ಹಿಕ್ಕಾಕೆಬಾಶಿ ಅಂತ ಅಡ್ಡಹೆಸರು ಇಟ್ಟಿದಾರೆ, ಹುಡುಗೀರನ್ನ ಮಾತಾಡಿಸಿ ಗಾಳ ಹಾಕೋ ಸೇತುವೆ ಅಂತ ಅರ್ಥ. ಅಲ್ಲಿ ನನ್ನ ಹಿಂದೆ ಕನ್ನಡ ಕೇಳಿಸ್ತು, ಎಷ್ಟು ಖುಷಿ ಆಯ್ತು ಅಂದ್ರೆ ತಿರುಗಿ ಮಾತಾಡ್ಸೋಣ ಅಂತಲೇ ತಿರುಗಿದೆ. ಇಬ್ಬರು ಹುಡುಗರು, ಇಪ್ಪತ್ತೈದು ಇಪ್ಪತ್ತಾರು ಇರಬಹುದು, ಒಬ್ಬ ಫೋನ್ ಹಿಡಿದು ವಿಡಿಯೋ ಮಾಡ್ತಿದಾನೆ, ಇನ್ನೊಬ್ಬ ಆಫೀಸ್ ಬ್ಯಾಗ್ ಹಾಕ್ಕೊಂಡಿದ್ದ ಒಬ್ಬ ಹುಡುಗೀನ ನಿಲ್ಲಿಸ್ಕೊಂಡು ಇಂಡಿಯಾದವನನ್ನ ಮದ್ವೆ ಆಗ್ತೀಯಾ ಅಂತ ಇಂಗ್ಲಿಷಲ್ಲಿ ಕೇಳ್ತಿದಾನೆ. ಆಕೆ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗ್ತಾ ತಲೆ ಬಗ್ಗಿಸ್ತಾ ಒಂದೊಂದೇ ಹೆಜ್ಜೆ ಹಿಂದೆ ಹೋಗ್ತಿದಾಳೆ, ಇವನು ಒಂದೊಂದೇ ಹೆಜ್ಜೆ ಮುಂದೆ. ಫೋನ್ ಹಿಡಿದವನು "ನಗ್ತಿದಾಳೆ ಮಗಾ, ಓಕೆ ಅಂತೆ, ಬಿಡ್ಬೇಡ" ಅಂದ. ನಾನು ನೋಡಿದ್ದು ಆಕೆಯ ಇನ್ನೊಂದು ಕೈಯನ್ನ, ಬ್ಯಾಗಿನ ಪಟ್ಟೀನ ಗೆಣ್ಣು ಬೆಳ್ಳಗಾಗೋ ಹಾಗೆ ಹಿಡ್ಕೊಂಡಿದ್ಲು. ನಾನು ಹೋಗಿ ಕನ್ನಡದಲ್ಲೇ "ಆಕೆಗೆ ಹೆದರಿಕೆ ಆಗಿದೆ, ದಾರಿ ಬಿಡ್ರಪ್ಪ" ಅಂದೆ. ಇಬ್ಬರೂ ಕಕ್ಕಾಬಿಕ್ಕಿಯಾದ್ರು, ಸಾರಿ ಅಕ್ಕ ಅಂದ್ರು, ಆ ಹುಡುಗಿ ನನಗೂ ಅವರಿಗೂ ಸೇರಿಸಿ ಬಗ್ಗಿ ನಮಸ್ಕಾರ ಮಾಡಿ ಜನದೊಳಗೆ ಸೇರ್ಕೊಂಡುಬಿಟ್ಲು. ಆ ಹುಡುಗರು ಕೆಟ್ಟವರು ಅಂತ ನನಗೆ ಈಗಲೂ ಅನ್ಸಲ್ಲ. ಆ ನಗು ಹೆದರಿಕೆಯ ನಗು ಅಂತ ಅವರಿಗೆ ಯಾರೂ ಹೇಳಿರ್ಲಿಲ್ಲ, ಮುಂದುವರೀಬೇಕು ಅಂತ ಹೇಳಿದ್ದು ನಿಮ್ಮ ಬಾಕ್ಸ್ ಥರದ ಟಿಪ್ಸ್‌ಗಳು, ರೀಲ್ಸ್‌ಗಳು, ಅದಕ್ಕೇ ನನಗೆ ಇಷ್ಟು ಸಂಕಟ.

ಕಾನೂನೂ ಗೊತ್ತಿರ್ಲಿ. 2023ರ ಜುಲೈಯಿಂದ ಜಪಾನಿನ ಲೈಂಗಿಕ ಅಪರಾಧದ ಕಾನೂನು ಬದಲಾಗಿದೆ. ಹೆದರಿಕೆಯಿಂದಲೋ ಕುಡಿದಿದ್ರಿಂದಲೋ ಗಾಬರಿಯಿಂದಲೋ ಬೇಡ ಅನ್ನೋಕೆ ಆಗದ ಸ್ಥಿತೀಲಿ ಇರೋರನ್ನ ಅಸಭ್ಯವಾಗಿ ಮುಟ್ಟಿದ್ರೂ ಅದು ಅಪರಾಧ ಅಂತ ಸ್ಪಷ್ಟವಾಗಿ ಬರೆದಿದಾರೆ, ಒಪ್ಪಿಗೆಯ ವಯಸ್ಸನ್ನ 13ರಿಂದ 16ಕ್ಕೆ ಏರಿಸಿದಾರೆ, ಗೊತ್ತಿಲ್ಲದ ಹಾಗೆ ಅಸಭ್ಯವಾಗಿ ಫೋಟೋ ತೆಗೆಯೋದಕ್ಕೆ ಬೇರೆಯೇ ಕಾನೂನು ಬಂದಿದೆ. ಕ್ಯೋತೊದ ಗಿಯೊನ್ ಬೀದೀಲಿ ಪ್ರವಾಸಿಗಳು ಮೈಕೊ ಅನ್ನೋ, ಗೇಷಾ ಕಲೆ ಕಲೀತಿರೋ ಹುಡುಗೀರ ಹಿಂದೆ ಕ್ಯಾಮೆರಾ ಹಿಡ್ಕೊಂಡು ಓಡೋದು ವಿಪರೀತ ಆಗಿ 2019ರಲ್ಲೇ ಖಾಸಗಿ ಓಣಿಗಳಲ್ಲಿ ಫೋಟೋ ತೆಗೆದ್ರೆ 10,000 ಯೆನ್ ದಂಡ ಅಂತ ಬೋರ್ಡ್ ಹಾಕಿದ್ರು, 2024ರಲ್ಲಿ ಆ ಓಣಿಗಳಿಗೆ ಪ್ರವಾಸಿಗಳು ಬರೋದನ್ನೇ ನಿಲ್ಲಿಸಿದ್ರು. ಬಂದೋರು ಮಿತಿ ಮೀರಿದ್ದಕ್ಕೆ ಊರೇ ಬಾಗಿಲು ಹಾಕ್ಕೊಂಡ ಹಾಗಾಯ್ತು.

ನಿಮ್ಮ ಬಾಕ್ಸಲ್ಲಿ ಅಲ್ಲಿ ಒಂಟಿಯಾಗಿರೋ ಹುಡುಗೀರು ಜಾಸ್ತಿ ಅಂತಲೂ ಇತ್ತು. ಹೌದು, 2021ರ ಸರ್ಕಾರಿ ಸಮೀಕ್ಷೇಲಿ ಮದುವೆಯಾಗದ 18ರಿಂದ 34 ವಯಸ್ಸಿನೋರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ, 70ಕ್ಕೂ ಹೆಚ್ಚು ಗಂಡಸರಿಗೆ ಜೊತೆಗಾರರೇ ಇಲ್ಲ ಅಂತ ಬಂದಿತ್ತು. 2024ರಲ್ಲಿ ತೋಕ್ಯೊ ಸರ್ಕಾರ ತಾನೇ ಒಂದು ಮ್ಯಾಚಿಂಗ್ ಆ್ಯಪ್ ಶುರು ಮಾಡ್ತು, ಅದಕ್ಕೆ ಸೇರ್ಬೇಕಾದ್ರೆ ಮದುವೆ ಆಗಿಲ್ಲ ಅನ್ನೋ ಸರ್ಟಿಫಿಕೇಟು, ಆದಾಯದ ಕಾಗದ ಎಲ್ಲ ಕೊಡ್ಬೇಕು. ಅಂದ್ರೆ ಅವರು ಹುಡುಕ್ತಿರೋದು ಜೀವನಕ್ಕೆ ಜೊತೆ. ಹತ್ತು ದಿನದ ಪ್ರವಾಸಕ್ಕೆ ಬಂದ ನಮ್ಮನ್ನ ಅವರು ಕಾಯ್ತಾ ಕೂತಿಲ್ಲ.

ಇನ್ನು ಪ್ರವಾಸಿಗಳು ಆ್ಯಪ್ ಹಿಡ್ಕೊಂಡು ಡೇಟಿಂಗ್ ಅಂತ ಹೊರಟಾಗ ಆಗೋದೇ ಬೇರೆ. ನನ್ನ ಆಫೀಸಿನ ಒಬ್ಬರು ತೋಕ್ಯೊದ ಶಿಂಜುಕು ಹತ್ರ ಹೀಗೇ ಮ್ಯಾಚ್ ಆದ ಹುಡುಗಿ ಜೊತೆ ಆಕೆ ಹೇಳಿದ ಬಾರಿಗೇ ಹೋಗಿ, ನಾಲ್ಕು ಗ್ಲಾಸಿಗೆ 80,000 ಯೆನ್ ಬಿಲ್ ಕೊಟ್ಟು ಬಂದ್ರು, ಹತ್ರ ಹತ್ರ ನಲವತ್ತೈದು ಸಾವಿರ ರೂಪಾಯಿ. ಬಾಗಿಲ ಹತ್ರ ಇಬ್ಬರು ದಾಂಡಿಗರು ನಿಂತಿದ್ರಂತೆ. ಅಲ್ಲಿನ ಬಾರುಗಳ ಜಾಗ ಕಾಬುಕಿಚೊ ಬೀದೀಲಿ ಲೌಡ್‌ಸ್ಪೀಕರಲ್ಲೇ ಕರೆದೋರ ಹಿಂದೆ ಹೋಗ್ಬೇಡಿ ಅಂತ ಕೂಗ್ತಾ ಇರ್ತಾರೆ, ಆದ್ರೂ ಜನ ಹೋಗ್ತಾರೆ. ಮೊದಲ ಭೇಟಿಗೆ ಜಾಗ ನೀವೇ ಆರಿಸಿ, ಬೆಲೆ ಬರೆದ ಮೆನು ಇರೋ ಕಡೆಗೆ ಹೋಗಿ. ಹಾಗಂತ ಇಝಾಕಾಯಾದಲ್ಲಿ, ಅಂದ್ರೆ ಅಲ್ಲಿನ ಕುಡಿಯೋ-ತಿನ್ನೋ ಅಂಗಡೀಲಿ, ಕೇಳದೇ ಇದ್ರೂ ಒಂದು ಪುಟ್ಟ ಬಟ್ಲು ತಿಂಡಿ ತಂದಿಟ್ಟು ಮುನ್ನೂರು ನಾನೂರು ಯೆನ್ ಬಿಲ್ಲಿಗೆ ಸೇರಿಸಿದ್ರೆ ಜಗಳ ಆಡ್ಬೇಡಿ, ಅದು ಒತೊಶಿ, ಕೂತಿದ್ದಕ್ಕೆ ಕೊಡೋ ದುಡ್ಡು, ಅಲ್ಲಿ ಎಲ್ಲರೂ ಕೊಡ್ತಾರೆ. ಒಬ್ಬರೇ ಹೋಗೋ ಹೆಣ್ಣುಮಕ್ಕಳಿಗೆ ಒಂದು ಮಾತು, ಬೆಳಗಿನ ರಶ್ಶಲ್ಲಿ ದೊಡ್ಡ ಊರುಗಳ ರೈಲಲ್ಲಿ ಹೆಂಗಸರ ಬೋಗಿ ಇರುತ್ತೆ, ಪ್ಲಾಟ್‌ಫಾರ್ಮ್ ನೆಲದ ಮೇಲೆ ಗುಲಾಬಿ ಬಣ್ಣದಲ್ಲಿ ಗುರುತು ಹಾಕಿರ್ತಾರೆ, ಅಲ್ಲೇ ನಿಂತ್ಕೊಳ್ಳಿ, ಅಲ್ಲೂ ಮೈ ಮುಟ್ಟೋ ಕೈಗಳಿವೆ.

ಈಗ ನನ್ನ ಗೆಳತಿ ವಿಷ್ಯ. ಮೊದಲ ಸಲ ಹೋದಾಗ ಒಸಾಕಾದಲ್ಲಿ ಇಳಿದು ಬಸ್ಸಲ್ಲಿ ಸಮುದ್ರದ ಮೇಲಿನ ಸೇತುವೆಗಳನ್ನ ದಾಟಿ ಶಿಕೊಕು ದ್ವೀಪದ ತೊಕುಶಿಮಾ ಊರಿಗೆ ಹೋದೆ. ಅಲ್ಲಿ ಆಗಸ್ಟ್ 12ರಿಂದ 15ರವರೆಗೆ ಆವಾ ಒದೊರಿ ಅಂತ ಕುಣಿತದ ಹಬ್ಬ, ನಮ್ಮ ಪಿತೃಪಕ್ಷದ ಥರ ಹಿರೀಕರು ಮನೆಗೆ ಬರ್ತಾರೆ ಅನ್ನೋ ಒಬೊನ್ ದಿನಗಳಲ್ಲಿ ಊರಿಗೆ ಊರೇ ಬೀದೀಲಿ ಕುಣಿಯುತ್ತೆ. ರೂಮು ಸಿಗಲ್ಲ ಅಂತ ಮಾರ್ಚಲ್ಲೇ ಒಂದು ಗೆಸ್ಟ್‌ಹೌಸ್ ಬುಕ್ ಮಾಡಿದ್ದೆ. ಅದರ ಪಕ್ಕದ ಓಣೀಲಿ ಒಂದು ಹಳೇ ಕಿಸ್ಸಾತೆನ್, ಅಂದ್ರೆ ಕಾಫಿ ಅಂಗಡಿ, ಆರು ಕುರ್ಚಿ, ಒಂದು ಗೋಡೆ ಗಡಿಯಾರ, ಎಪ್ಪತ್ತರ ಹತ್ರ ವಯಸ್ಸಿನ ಒಬ್ಬರು ಅಜ್ಜಿ ಒಬ್ಬರೇ ನಡೆಸ್ತಾರೆ. ಮೊದಲ ದಿನ ಅವರು ಕಾಫಿ ಮಾಡೋದು ನೋಡಿ ನನಗೆ ಕಣ್ಣಲ್ಲಿ ನೀರು ಬಂತು, ಬಟ್ಟೆ ಚೀಲದಲ್ಲಿ ಪುಡಿ ಹಾಕಿ ಮೇಲಿಂದ ಬಿಸಿನೀರನ್ನ ದಾರದ ಹಾಗೆ ಸಣ್ಣಗೆ ಹುಯ್ತಾರೆ, ನಮ್ಮ ಮನೇಲಿ ನಮ್ಮಜ್ಜಿ ಕಾಫಿ ಸೋಸ್ತಿದ್ದ ಬಟ್ಟೇನೂ ಅದೇ ಥರ ಕಂದು ಬಣ್ಣಕ್ಕೆ ತಿರುಗಿರ್ತಿತ್ತು, ಅದನ್ನ ಯಾರೂ ಸೋಪು ಹಾಕಿ ತೊಳೀಬಾರ್ದು ಅಂತಿದ್ರು. ಇವರೂ ಅದನ್ನ ನೀರಲ್ಲೇ ನೆನೆಸಿ ಇಡ್ತಾರೆ, ಸೋಪು ಹಾಕಲ್ಲ!

ಕಾಫಿ ಜೊತೆ ಬೆಳಿಗ್ಗೆ ಟೋಸ್ಟು, ಬೇಯಿಸಿದ ಮೊಟ್ಟೆ ಕೊಡ್ತಾರೆ. ಮೊದಲ ದಿನ ಮೊಟ್ಟೆ ಬಿಟ್ಟೆ, ಏನೂ ಹೇಳ್ಲಿಲ್ಲ. ಎರಡನೇ ದಿನ ತಟ್ಟೇಲಿ ಮೊಟ್ಟೆ ಇರ್ಲಿಲ್ಲ, ಟೊಮೆಟೊ ಹೋಳು ಇತ್ತು. ಅವರೂ ಏನೂ ಹೇಳ್ಲಿಲ್ಲ. ಅಲ್ಲಿ ಸ್ನೇಹ ಹೀಗೇ ಶುರುವಾಗುತ್ತೆ ಅಂತ ನನಗೆ ಆಮೇಲೆ ಗೊತ್ತಾಯ್ತು, ನೀವು ಅದೇ ಹೊತ್ತಿಗೆ ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗ್ಬೇಕು, ಸುಮ್ನೆ ಕೂರ್ಬೇಕು, ತಟ್ಟೆ ತಂದಾಗ ಧನ್ಯವಾದ ಅನ್ಬೇಕು, ಬರ್ತೀನಿ ಅಂದ್ರೆ ಬರ್ಬೇಕು, ಐದು ನಿಮಿಷ ಮುಂಚೇನೇ ಬರ್ಬೇಕು. ಹತ್ತು ಊರು ಹತ್ತು ದಿನ ಅಂತ ಓಡೋರಿಗೆ ಇದು ಆಗಲ್ಲ. ಸ್ನೇಹ ಬೇಕು ಅನ್ನೋರು ಒಂದು ಊರಲ್ಲಿ ಕಡಿಮೆ ಅಂದ್ರೂ ಒಂದು ವಾರ ಉಳೀಬೇಕು, ಅದೂ ತೋಕ್ಯೊ ಒಸಾಕಾ ಬಿಟ್ಟು ಸಣ್ಣ ಊರಾದ್ರೆ ಇನ್ನೂ ಒಳ್ಳೇದು.

ಆಗಸ್ಟ್ 8ನೇ ತಾರೀಖು ಸಂಜೆ ಕ್ಯೂಶು ದ್ವೀಪದ ಮಿಯಾಝಾಕಿ ಕಡೆ ಸಮುದ್ರದಲ್ಲಿ 7.1ರ ಭೂಕಂಪ ಆಯ್ತು. ತೊಕುಶಿಮಾದಲ್ಲಿ ಏನೂ ಹಾನಿ ಆಗ್ಲಿಲ್ಲ, ಆದ್ರೆ ಅವತ್ತು ಸಂಜೇನೇ ಹವಾಮಾನ ಇಲಾಖೆ ಜಪಾನಿನ ದಕ್ಷಿಣದ ಸಮುದ್ರದಡಿ ಇರೋ ನಾಂಕಾಯ್ ಕಂದಕದಲ್ಲಿ ಮಹಾಭೂಕಂಪ ಆಗೋ ಸಾಧ್ಯತೆ ಮಾಮೂಲಿಗಿಂತ ಹೆಚ್ಚಾಗಿದೆ, ಒಂದು ವಾರ ಹುಷಾರಾಗಿರಿ ಅಂತ ಎಚ್ಚರಿಕೆ ಕೊಡ್ತು, 2019ರಲ್ಲಿ ಆ ವ್ಯವಸ್ಥೆ ಬಂದ ಮೇಲೆ ಮೊದಲ ಸಲ. ನನಗೆ ಜೀವ ಬಾಯಿಗೆ ಬಂದಿತ್ತು, ಮನೇಲಿ ಅಮ್ಮ ವಾಪಸ್ ಬಾ ಅಂತ ಅಳ್ತಿದ್ರು. ಮಾರನೇ ದಿನ ಬೆಳಿಗ್ಗೆ ಕಿಸ್ಸಾತೆನ್‌ಗೆ ಹೋದ್ರೆ ನನ್ನ ಕುರ್ಚಿ ಮುಂದೆ ಒಂದು ಕಾಗದ ಇತ್ತು. ಪೆನ್ಸಿಲಲ್ಲಿ ನಕ್ಷೆ, ನನ್ನ ಗೆಸ್ಟ್‌ಹೌಸು, ಅಂಗಡಿ, ಎರಡು ತಿರುವು, ಸುನಾಮಿ ಬಂದ್ರೆ ಬಿಜಾನ್ ಗುಡ್ಡ ಹತ್ತೋ ಮೆಟ್ಟಿಲು. ನನಗೆ ಓದೋಕೆ ಬರೋ ಹಿರಗಾನಾ ಅಕ್ಷರದಲ್ಲೇ, ಸಣ್ಣ ಮಕ್ಕಳಿಗೆ ಬರೆಯೋ ಹಾಗೆ ಬಿಡಿಸಿ ಬಿಡಿಸಿ, ನೆಲ ನಡುಗಿದ್ರೆ ಕಾಯ್ಬೇಡ, ಬ್ಯಾಗ್ ಬಿಡು, ಇಲ್ಲಿಗೆ ಹತ್ತು ಅಂತ ಬರೆದಿದ್ರು. ಆಮೇಲೆ ಅಂಗಡಿ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ನನ್ನನ್ನ ಕರ್ಕೊಂಡು ಆ ಸುಡು ಬಿಸಿಲಲ್ಲಿ ಗಡಿಯಾರ ನೋಡ್ಕೊಂಡು ಆ ಮೆಟ್ಟಿಲವರೆಗೆ ನಡೆದು ತೋರಿಸಿದ್ರು, ಹದಿಮೂರು ನಿಮಿಷ. ನಾಲ್ಕು ದಿನದ ಪರಿಚಯ ನಮ್ಮದು. ಆ ಕಾಗದ ಈಗಲೂ ನನ್ನ ಪಾಸ್‌ಪೋರ್ಟ್ ಒಳಗಿದೆ.

ನಾನು ಮನೆಯಿಂದ ತಗೊಂಡು ಹೋಗಿದ್ದ ಅರ್ಧ ಕೆಜಿ ಕಾಫಿಪುಡಿ, ನಮ್ಮ ತೋಟದ್ದೇ, ಚಿಕೋರಿ ಹಾಕದ್ದು, ಅವತ್ತು ಅವರಿಗೆ ಕೊಟ್ಟೆ. ಎರಡೂ ಕೈಲಿ ತಗೊಂಡ್ರು, ನನ್ನೆದುರು ಬಿಚ್ಚಲಿಲ್ಲ. ಮಾರನೇ ದಿನ ನನಗೆ ಒಂದು ಚೀಲ ಸುದಾಚಿ, ನಮ್ಮ ಗಜನಿಂಬೆಕಾಯಿಗಿಂತ ಸಣ್ಣ ಹಸಿರು ಹುಳಿಹಣ್ಣು, ಆ ಸೀಮೆಯ ಹೆಸರುವಾಸಿ ಬೆಳೆ. ಕೊಟ್ಟಿದ್ದಕ್ಕೆ ವಾಪಸ್ ಕೊಡ್ಲೇಬೇಕು ಅಲ್ಲಿ, ಒಕಾಯೆಶಿ ಅಂತಾರೆ, ಅದಕ್ಕೇ ದುಬಾರಿ ಉಡುಗೊರೆ ಕೊಟ್ಟು ಅವರ ಮೇಲೆ ಭಾರ ಹಾಕ್ಬಾರ್ದು. ಒಂದು ಮಧ್ಯಾಹ್ನ ಅವರು ತಾವು ತಿನ್ನೋ ಸೋಮೆನ್ ಶಾವಿಗೇನ ನನಗೂ ಹಾಕಿದ್ರು. ಅಲ್ಲಿ ಸಾರು ಅಂದ್ರೆ ಒಣಮೀನಿನ ಪುಡಿ ಇಲ್ದೆ ಆಗಲ್ಲ, ಇವರು ಹಿಂದಿನ ರಾತ್ರೀನೇ ಕೊಂಬು ಅನ್ನೋ ಸಮುದ್ರದ ಎಲೆ, ಒಣ ಅಣಬೆ ನೆನೆಸಿ ಬೇರೆ ಸಾರು ಮಾಡಿಟ್ಟಿದ್ರು. ಮೀನು ಇಲ್ಲ ಅಂತ ಒಂದೇ ಸಲ ಹೇಳಿದ್ರು, ನಾನು ತಿನ್ನೋವರೆಗೂ ಬೇರೆ ಕಡೆ ನೋಡ್ತಾ ನಿಂತಿದ್ರು.

ಇದೇ ಊರಲ್ಲೇ ನನ್ನ ತಪ್ಪೂ ಶುರುವಾಗಿದ್ದು. ಆವಾ ಒದೊರಿಯಲ್ಲಿ ನಿವಾಕಾ ರೆನ್ ಅಂತ ಇರುತ್ತೆ, ಗೊತ್ತಿಲ್ಲದೋರೂ ಹಾಕ್ಕೊಂಡ ಬಟ್ಟೇಲೇ ಸೇರ್ಕೊಂಡು ಕುಣೀಬಹುದು. ಕುಣಿಯೋರೂ ಹುಚ್ಚರು, ನೋಡೋರೂ ಹುಚ್ಚರು, ಹೆಂಗಿದ್ರೂ ಹುಚ್ಚರೇ ಆದ್ಮೇಲೆ ಕುಣೀದೇ ಇದ್ರೆ ನಷ್ಟ ಅಂತ ಅವರ ಹಾಡೇ ಇದೆ. ಬಲಗಾಲು ಮುಂದೆ ಹೋದಾಗ ಬಲಗೈ, ಎಡಗಾಲಿಗೆ ಎಡಗೈ, ನಾವು ನಡೆಯೋದಕ್ಕೆ ಉಲ್ಟಾ, ನನಗೆ ತಾಳ ತಪ್ತಾ ಇತ್ತು, ಪಕ್ಕದಲ್ಲಿದ್ದ ಒಬ್ಬರು ನನಗೆ ಕಾಣೋ ಹಾಗೆ ನಿಧಾನಕ್ಕೆ ಹೆಜ್ಜೆ ಹಾಕಿ ತೋರಿಸಿದ್ರು. ಅದೇ ಊರವರು, ಕೆಲಸ ಒಸಾಕಾದಲ್ಲಿ, ಹಬ್ಬಕ್ಕೆ ಅಂತ ಅಮ್ಮನ ಮನೆಗೆ ಬಂದೋರು. ಎರಡು ರಾತ್ರಿ ಒಟ್ಟಿಗೆ ಕುಣಿದ್ವಿ, ಐಸು ತಿಂದ್ವಿ, ಲೈನ್ ಅನ್ನೋ ಮೆಸೇಜ್ ಆ್ಯಪಿನ ಐಡಿ ತಗೊಂಡ್ವಿ, ದುಡ್ಡು ಅರ್ಧರ್ಧ ಹಾಕ್ತಿದ್ವಿ, ಅಲ್ಲಿ ಅದು ಮಾಮೂಲು, ಯಾರಿಗೂ ಮುಜುಗರ ಇಲ್ಲ. ಎಷ್ಟು ದಿನ ಇರ್ತೀರಾ ಅಂತ ಅವರು ಕೇಳಿದ್ರು. ನಾನು ಇನ್ನೂ ಇರ್ತೀನಿ ಅಂದೆ. 20ನೇ ತಾರೀಖು ನನ್ನ ಫ್ಲೈಟು. ಬೇಕಂತ ಮುಚ್ಚಿಟ್ಟೆ, ಆ ಎರಡು ದಿನದ ಖುಷೀನ ತಾರೀಖು ಹೇಳಿ ಯಾಕೆ ಹಾಳು ಮಾಡ್ಬೇಕು ಅಂತ.

16ನೇ ತಾರೀಖು ನಾನು ಕ್ಯೋತೊದಲ್ಲಿದ್ದೆ, ಅವರು ಕೆಲಸ ಮುಗಿಸಿ ಬಂದ್ರು. ಅವತ್ತು ರಾತ್ರಿ 8 ಗಂಟೆಗೆ ಊರ ಸುತ್ತಲಿನ ಐದು ಬೆಟ್ಟದ ಮೇಲೆ ಬೆಂಕಿ ಹಚ್ಚಿ ಹಿರೀಕರನ್ನ ವಾಪಸ್ ಕಳಿಸ್ತಾರೆ, ಪೂರ್ವದ ಬೆಟ್ಟದಲ್ಲಿ ದೊಡ್ಡದು ಅನ್ನೋ ಅಕ್ಷರ ಬೆಂಕೀಲಿ ಕಾಣುತ್ತೆ. ಕಾಮೊ ನದಿ ದಂಡೇಲಿ ಬೇರೆ ದಿನ ಜೋಡಿಗಳು ಅಳತೆ ಹಿಡಿದ ಹಾಗೆ ಸಮ ದೂರದಲ್ಲಿ ಕೂತಿರ್ತಾರೆ ಅಂತ ಅದೇ ಒಂದು ಪ್ರಸಿದ್ಧಿ, ಅವತ್ತು ಕಾಲಿಡೋಕೆ ಜಾಗ ಇರ್ಲಿಲ್ಲ. ಬೆಂಕಿ ಆರ್ತಾ ಬಂದಾಗ ಅವರು ನನ್ನ ಕಡೆ ತಿರುಗಿ, ನೆಟ್ಟಗೆ ನಿಂತು, ಕೈ ಎರಡೂ ಪಕ್ಕಕ್ಕೆ ಇಟ್ಕೊಂಡು, ಇಷ್ಟ ಆಗಿದೀರಾ, ದಯವಿಟ್ಟು ನನ್ನ ಜೊತೆ ಇರಿ ಅನ್ನೋ ಅರ್ಥದಲ್ಲಿ "ಸುಕಿ ದೆಸ್, ತ್ಸುಕಿಆತ್ತೆ ಕುದಸಾಯ್" ಅಂದ್ರು. ನನಗೆ ಗಾಬರಿ, ಸಂಕೋಚ, ಏನು ಹೇಳ್ಬೇಕು ತಿಳೀದೆ ನಕ್ಕುಬಿಟ್ಟೆ. ಅವರೂ ಒಂದು ಕ್ಷಣ ನಕ್ಕರು, ಆಮೇಲೆ ಸಾರಿ ಅಂತ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, ಸ್ಟೇಷನ್‌ವರೆಗೂ ನನ್ನ ಬಿಟ್ಟು, ಗೇಟಲ್ಲಿ ನಾನು ಕಣ್ಮರೆ ಆಗೋವರೆಗೂ ನಿಂತಿದ್ರು.

ಇದನ್ನ ಕೊಕುಹಾಕು ಅಂತಾರೆ ಅಂತ ನನಗೆ ಅವತ್ತು ಗೊತ್ತಿರ್ಲಿಲ್ಲ. ತೋಕ್ಯೊದ ನಿಶಿಕಸಾಯ್‌ನಲ್ಲಿ ಬಹಳ ವರ್ಷದಿಂದ ಇರೋ ನನ್ನ ಇನ್ನೊಬ್ಬ ಗೆಳತಿ ರಾತ್ರಿ ಫೋನಲ್ಲಿ ವಿವರಿಸಿ ಬೈದಳು. ಅಲ್ಲಿ ಎರಡು ಮೂರು ಸಲ ಸಿಕ್ಕಿದ ಮೇಲೆ ಒಬ್ಬರು ಬಾಯಿಬಿಟ್ಟು ಈ ಮಾತು ಹೇಳ್ಬೇಕು, ಇನ್ನೊಬ್ಬರು ಹಾಂ ಅನ್ಬೇಕು, ಆಮೇಲಷ್ಟೇ ಅವರು ಜೋಡಿ. ಅದಕ್ಕೆ ಮುಂಚೆ ಸಿಕ್ಕಿದ್ದು, ತಿರುಗಾಡಿದ್ದು ಎಲ್ಲ ಬರೀ ಭೇಟಿ. ನಮ್ಮಲ್ಲಿ ನೋಟದಲ್ಲಿ, ತಮಾಷೇಲಿ, ಎಂದೋ ಶುರುವಾಗಿ ಯಾವಾಗ ಶುರುವಾಯ್ತು ಅಂತಲೇ ಗೊತ್ತಿರಲ್ಲ, ಅಲ್ಲಿ ಅದಕ್ಕೆ ಒಂದು ಹೊಸ್ತಿಲು ಇದೆ. ದಿನವಿಡೀ ಚೊತ್ತೊ ಅಂತ ಅರ್ಧ ಮಾತಾಡೋ ಜನ ಈ ಒಂದು ವಿಷ್ಯದಲ್ಲಿ ಮಾತ್ರ ಪೂರ್ತಿ ವಾಕ್ಯ ಹೇಳ್ತಾರೆ, ಎಷ್ಟು ಧೈರ್ಯ ಬೇಕು ಅದಕ್ಕೆ. ಆ ಪೂರ್ತಿ ವಾಕ್ಯಕ್ಕೆ ನಾನು ನಕ್ಕಿದ್ದೆ, ಅದೂ ನಾಲ್ಕು ದಿನದಲ್ಲಿ ವಿಮಾನ ಹತ್ತೋಳು.

ಮಾರನೇ ದಿನ ಡಿಕ್ಷನರಿ ಇಟ್ಕೊಂಡು ಎರಡು ಗಂಟೆ ಕೂತು ಬರೆದೆ. ನಕ್ಕಿದ್ದು ಗಾಬರಿಗೆ, ನಿಮ್ಮನ್ನ ನೋಡಿ ಅಲ್ಲ, 20ಕ್ಕೆ ಹೋಗ್ತೀನಿ, ಮೊದಲೇ ಹೇಳ್ಬೇಕಿತ್ತು, ಹೇಳ್ದೇ ಇದ್ದದ್ದು ನನ್ನ ತಪ್ಪು, ಕ್ಷಮಿಸಿ. ಕಳಿಸಿದ ನಿಮಿಷಕ್ಕೇ ಓದಿದಾರೆ ಅಂತ ಗುರುತು ಬಂತು. ಉತ್ತರ ಬಂದಿದ್ದು 19ರ ರಾತ್ರಿ, ಒಂದೇ ಸಾಲು, ಇಷ್ಟು ಕಷ್ಟಪಟ್ಟು ಬರೆದಿದ್ದಕ್ಕೆ ಧನ್ಯವಾದ, ಹುಷಾರಾಗಿ ಹೋಗಿ ಬನ್ನಿ ಅಂತ. ಅಷ್ಟೇ. ಎರಡನೇ ಸಲ ಹೋದಾಗ ಒಸಾಕಾದಲ್ಲಿ ನಾಲ್ಕು ದಿನ ಇದ್ದೆ, ಅವರಿಗೆ ಮೆಸೇಜ್ ಮಾಡ್ಲಿಲ್ಲ. ಮಾಡೋ ಹಕ್ಕು ನನಗಿಲ್ಲ ಅನ್ನಿಸ್ತು.

ಆ ಸಲವೂ ತೊಕುಶಿಮಾಕ್ಕೆ ಹೋದೆ, ಅಜ್ಜಿ ನನ್ನ ಕುರ್ಚಿ ಮೇಲೆ ಬೇರೆಯವರು ಕೂತಿದ್ರೂ ಎಬ್ಬಿಸಿ ಕೂರಿಸಿದ್ರು. ಇದೆಲ್ಲ ಅವರಿಗೆ ಹೇಳಿದೆ, ನನ್ನ ಹರಕುಮುರುಕು ಜಪಾನೀಸಲ್ಲಿ. ಅವರು ಕೇಳಿ, ಗಲ್ಲಾ ಪೆಟ್ಟಿಗೆ ತೆಗೆದು ಒಂದು ಐದು ಯೆನ್ ನಾಣ್ಯ ಕೊಟ್ರು, ಹಿತ್ತಾಳೆ ಬಣ್ಣದ್ದು, ನಡುವೆ ತೂತು, ಸುತ್ತ ಬತ್ತದ ತೆನೆ. ಐದು ಯೆನ್ ಅಂದ್ರೆ ಗೊ ಎನ್, ಗೊ ಎನ್ ಅಂದ್ರೆ ಇನ್ನೊಂದರ್ಥದಲ್ಲಿ ನಮ್ಮ ಋಣಾನುಬಂಧ. ದೇವಸ್ಥಾನದ ಹುಂಡಿಗೆ ಅಲ್ಲಿ ಜನ ಅದೇ ನಾಣ್ಯ ಹುಡುಕಿ ಹಾಕ್ತಾರೆ. ನಮ್ಮಜ್ಜಿ ಮನೆ ಬಾಗಿಲಿಗೆ ಬಂದ ಯಾರಿಗೇ ಆಗ್ಲಿ ಋಣ ಇತ್ತು ಬಂದ್ರು ಅಂತಿದ್ರು, ಅದನ್ನೇ ಇವರು ಇನ್ನೊಂದು ಭಾಷೇಲಿ ಹೇಳ್ತಿದಾರೆ ಅನ್ನಿಸಿ ಕೈಲಿ ಹಿಡ್ಕೊಂಡು ಕೂತಿದ್ದೆ.

ಸಂಪಾದಕರೇ, ನನ್ನ ಕೋರಿಕೆ ಇಷ್ಟೇ. ನೀವೇ ಮುಂದುವರೀಬೇಕು ಅನ್ನೋ ಆ ಸಾಲಿಗೆ ಬರೋ ಭಾನುವಾರ ಒಂದು ತಿದ್ದುಪಡಿ ಹಾಕಿ. ನಮ್ಮ ಹುಡುಗ ಹುಡುಗೀರು ಈಗ ನೂರಾರು ಜನ ಹೋಗ್ತಿದಾರೆ, ಬೆಂಗಳೂರಿಂದ ತೋಕ್ಯೊಗೆ ನೇರ ವಿಮಾನ ಇದೆ, ಅವರ ಕೈಗೆ ನಿಮ್ಮ ಪುರವಣಿ ಸಿಗುತ್ತೆ. ಚೊತ್ತೊ ಅಂದ್ರೆ ಬೇಡ ಅಂತ ಹಾಕಿ, ನಗು ಅಂದ್ರೆ ಒಪ್ಪಿಗೆ ಅಲ್ಲ ಅಂತ ಹಾಕಿ, ಕೊಕುಹಾಕು ಅಂದ್ರೆ ಏನು ಅಂತ ಎರಡು ಸಾಲು ಹಾಕಿ, ಮತ್ತೆ ಯಾರ ಜೊತೆಗಾದ್ರೂ ಎರಡನೇ ಸಲ ಕಾಫಿಗೆ ಕೂತ್ರೆ ನಿಮ್ಮ ವಾಪಸ್ ಟಿಕೆಟ್ಟಿನ ತಾರೀಖು ಮೊದ್ಲು ಹೇಳಿ ಅಂತ ದಪ್ಪ ಅಕ್ಷರದಲ್ಲಿ ಹಾಕಿ. ಜಪಾನೀಸಲ್ಲಿ ತಾರೀಖು ಹೇಳೋದು ಎನ್5 ಪುಸ್ತಕದ ಶುರುವಿನ ಪಾಠದಲ್ಲೇ ಬರುತ್ತೆ, 20ನೇ ತಾರೀಖಿಗೆ ಹತ್ಸುಕಾ ಅಂತಾರೆ.

ಇತಿ,
ಒಬ್ಬ ಓದುಗಿ, ಸಕಲೇಶಪುರ